ಡ್ರಗ್ ಕೋರ್ಟ್ ಅಂದರೆ ಶಿಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿಯೇ?

ಅಲ್ಲ. ಡ್ರಗ್ ಚಟ ಇರುವ ಆರೋಪಿಗಳನ್ನು ಜೈಲಿಗೆ ಹಾಕುವ ಬದಲು ನ್ಯಾಯಾಧೀಶರ ನಿಗಾದಲ್ಲಿ ಚಿಕಿತ್ಸೆ ಕೊಡಿಸುವ ವಿಶೇಷ ಕೋರ್ಟ್ ಇದು. ಎಷ್ಟೋ ಜನರಿಗೆ ಇದು ಜೈಲಿಗಿಂತ ಜಾಸ್ತಿ ಕಷ್ಟ.

ಮೊದಲ ಡ್ರಗ್ ಕೋರ್ಟ್ ಶುರುವಾದದ್ದು 1989ರಲ್ಲಿ, ಅಮೆರಿಕದ ಮಯಾಮಿಯಲ್ಲಿ. ಆಗ ಅಲ್ಲಿ ಕೊಕೇನ್ ಹಾವಳಿ. ಹಿಡಿದವರನ್ನೇ ಮತ್ತೆ ಮತ್ತೆ ಹಿಡಿಯಬೇಕಿತ್ತು, ಜೈಲುಗಳು ತುಂಬಿ ತುಳುಕುತ್ತಿದ್ದವು. ಚಟ ಹಾಗೇ ಉಳಿದರೆ ಬಿಡುಗಡೆಯಾದವನು ವಾಪಸ್ ಬರುತ್ತಾನೆ, ಅಲ್ವಾ?

ಇಲ್ಲಿ ಆರೋಪಿ ತಾನೇ ಒಪ್ಪಿ ಸೇರಬೇಕು. ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆ, ಮುನ್ಸೂಚನೆ ಇಲ್ಲದೆ ಮೂತ್ರ ಪರೀಕ್ಷೆ. ಶುರುವಿನಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೋರ್ಟಿಗೆ ಹಾಜರಿ. ನನಗೆ ತುಂಬಾ ಹಿಡಿಸುವುದು ಈ ಹಾಜರಿಯೇ. ನ್ಯಾಯಾಧೀಶರು ವಕೀಲರ ಜೊತೆ ಅಲ್ಲ, ನೇರವಾಗಿ ಆ ವ್ಯಕ್ತಿಯ ಜೊತೆ ಮಾತಾಡುತ್ತಾರೆ. ಕೆಲಸ ಸಿಕ್ಕಿತಾ, ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳುತ್ತಾರೆ. ಚೆನ್ನಾಗಿ ನಡೆದುಕೊಂಡರೆ ಕೋರ್ಟಿನಲ್ಲೇ ಚಪ್ಪಾಳೆ. ಸುಳ್ಳು ಹೇಳಿದರೆ, ಚಿಕಿತ್ಸೆಗೆ ಚಕ್ಕರ್ ಹೊಡೆದರೆ ಒಂದೆರಡು ದಿನ ಜೈಲೂ ಆಗಬಹುದು. ಒಮ್ಮೆ ಜಾರಿದ ಮಾತ್ರಕ್ಕೆ ಹೊರಗೆ ಹಾಕುವುದಿಲ್ಲ. ಚಟ ಬಿಡುವಾಗ ಜಾರುವುದು ಸಹಜ ಅಂತ ವೈದ್ಯರೂ ಹೇಳುತ್ತಾರೆ. ಪೂರ್ತಿ ಮುಗಿಸಿದರೆ ಎಷ್ಟೋ ಕಡೆ ಕೇಸೇ ವಜಾ ಆಗುತ್ತದೆ.

ಒಂದು ಕೊರತೆ ಇದೆ. ಹಿಂಸೆಯ ಕೇಸು ಇರುವವರನ್ನು ಹೆಚ್ಚಿನ ಕಡೆ ಸೇರಿಸಿಕೊಳ್ಳುವುದಿಲ್ಲ.

ನಮ್ಮಲ್ಲಿ? ಮಾದಕ ವಸ್ತುಗಳ ಕೇಸಿಗೆ ಅನ್ವಯಿಸುವ ಎನ್‌ಡಿಪಿಎಸ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಸಣ್ಣ ಪ್ರಮಾಣದ ಕೇಸಿನಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಇಂಥದೇ ಸಣ್ಣ ಪ್ರಮಾಣದ ಕೇಸಿನಲ್ಲಿ ತಾನಾಗಿಯೇ ಚಿಕಿತ್ಸೆಗೆ ಹೋಗುವ ವ್ಯಸನಿಗೆ 64ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ನಿಮ್ಮವರು ಯಾರಾದರೂ ಇಂಥ ಕೇಸಿನಲ್ಲಿದ್ದರೆ, ವಕೀಲರ ಹತ್ತಿರ ಈ ಎರಡು ಸೆಕ್ಷನ್ ಬಗ್ಗೆ ತಪ್ಪದೇ ಕೇಳಿ.