ನಾಲ್ಕು ಮೀಟರ್ ತಪ್ಪುವ ಜಿಪಿಎಸ್ ನಾಲ್ಕು ಮಿಲಿಮೀಟರ್ ಹೇಗೆ ಅಳೆಯುತ್ತದೆ?

ಕಲಬುರಗಿ ಜಿಲ್ಲೆಯ ಓದುಗರೊಬ್ಬರು ಬರೆಯುತ್ತಾರೆ: ‘ಮನೆಯೊಳಗೆ ಕುಳಿತಿದ್ದರೂ ಫೋನಿನ ಜಿಪಿಎಸ್ ನನ್ನನ್ನು ಪಕ್ಕದ ಮನೆಯಲ್ಲಿ ತೋರಿಸುತ್ತದೆ. ಇದನ್ನೇ ನಂಬಿ ನೆಲ ಮಿಲಿಮೀಟರ್ ಸರಿದದ್ದನ್ನು ಅಳೆಯುತ್ತಾರಂತೆ. ನಿಜವಾದರೆ ನಮ್ಮೂರಲ್ಲೂ ಒಂದನ್ನಿಟ್ಟು ಭೂಕಂಪದ ಮುನ್ಸೂಚನೆ ಕೊಡಬಾರದೇಕೆ?’

ಸಂಪಾದಕರ ಉತ್ತರ:

ಉಪಗ್ರಹಗಳು ಅವೇ, ಅಳೆಯುವ ಬಗೆ ಬೇರೆ. ನಿಮ್ಮ ಫೋನು ಸಂಕೇತದಲ್ಲಿರುವ ಕೋಡನ್ನು ಓದಿ ದೂರ ಲೆಕ್ಕ ಹಾಕುತ್ತದೆ. ಭೂಮಾಪನದ ರಿಸೀವರ್ ಆ ಕೋಡನ್ನು ಹೊತ್ತು ತರುವ ಅಲೆಯನ್ನೇ ಅಳತೆಪಟ್ಟಿಯಾಗಿ ಬಳಸುತ್ತದೆ. ಅಲೆಯ ಉದ್ದ ಸುಮಾರು 19 ಸೆಂ.ಮೀ. ಅದರ ನೂರರಲ್ಲೊಂದು ಪಾಲನ್ನು ಗುರುತಿಸಿದರೂ 2 ಮಿ.ಮೀ. ಆಯಿತು. 24 ಸೆಂ.ಮೀ.ಯ ಇನ್ನೊಂದು ಅಲೆಯನ್ನೂ ಜೊತೆಗಿಟ್ಟು ನೋಡುವುದರಿಂದ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ತರುವ ದೋಷ ಬಹುಪಾಲು ಕಳೆಯುತ್ತದೆ. 30 ಸೆಕೆಂಡಿಗೊಮ್ಮೆ ದಿನವಿಡೀ ದಾಖಲಿಸಿ, ಉಪಗ್ರಹಗಳ ಪರಿಷ್ಕೃತ ಕಕ್ಷೆಗಳು ಸುಮಾರು ಎರಡು ವಾರಗಳಲ್ಲಿ ಸಿಕ್ಕ ಮೇಲೆ ಲೆಕ್ಕ ಮಾಡಿದರೆ, ಆ್ಯಂಟೆನಾ ಎಲ್ಲಿದೆ ಎಂದು ತೋರಿಸುವ ದಿನಕ್ಕೊಂದು ಬಿಂದು. ಅಡ್ಡಕ್ಕೆ ಕೆಲವೇ ಮಿ.ಮೀ. ತಪ್ಪು, ಎತ್ತರದಲ್ಲಿ ಅದರ ಎರಡು-ಮೂರು ಪಟ್ಟು. ಉಪಗ್ರಹಗಳೆಲ್ಲ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲವಲ್ಲ!

ಆದರೆ ಕೆಲಸ ಕೆಡುವುದು ಹೆಚ್ಚಾಗಿ ಆಕಾಶದಲ್ಲಲ್ಲ, ಆ್ಯಂಟೆನಾ ಹೊತ್ತ ಕಂಬದ ಬುಡದಲ್ಲಿ. ನಿಮ್ಮ ಕಡೆಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿದರೆ ನೀವು ಅಳೆಯುವುದು ಭೂಫಲಕವನ್ನಲ್ಲ, ಹೊಲವನ್ನು. ಮಣ್ಣು ದಾಟಿ ಗಟ್ಟಿ ಬಂಡೆಗೇ ಉಕ್ಕಿನ ಸರಳುಗಳನ್ನು ಬಿಗಿದು ಆ್ಯಂಟೆನಾ ಕೂರಿಸಬೇಕು. ಪಕ್ಕದಲ್ಲಿ ತಗಡಿನ ಚಾವಣಿ ಇದ್ದರೆ ಅಲೆ ಅದಕ್ಕೆ ಬಡಿದು ಸುತ್ತಿ ಬಂದು ದೂರ ತಪ್ಪುತ್ತದೆ. ಆ್ಯಂಟೆನಾ ಬದಲಿಸಿದ ದಿನ ದಿನದಿನದ ಬಿಂದುಗಳ ಗೆರೆಯಲ್ಲಿ ಮೆಟ್ಟಿಲೊಂದು ಮೂಡುತ್ತದೆ. ದಿನಾಂಕ ಬರೆದಿಡದಿದ್ದರೆ ಮುಂದೊಂದು ದಿನ ಯಾರೋ ಅದನ್ನು ಭೂಮಿ ಜಿಗಿದದ್ದೆಂದು ಓದುತ್ತಾರೆ. ಮಳೆನೀರಿನ ಭಾರಕ್ಕೂ ನೆಲ ಕುಸಿದು ಮತ್ತೆ ಏಳುತ್ತದೆ. ನೇಪಾಳದ ಜಿಪಿಎಸ್ ಕೇಂದ್ರಗಳಲ್ಲಿ ಇದು ವರ್ಷವರ್ಷವೂ ಕಾಣುತ್ತದೆ. ಹಾಗಾಗಿ ಕನಿಷ್ಠ ಎರಡೂವರೆ ವರ್ಷದ ದಾಖಲೆ ಇಲ್ಲದೆ ಚಲನೆಯ ವೇಗ ಹೇಳುವುದು ಅವಸರವೇ.

ಇನ್ನು ಮುನ್ಸೂಚನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸಾಗುತ್ತದೆ. ಹೈದರಾಬಾದಿನದೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರೂ ಒಂದೇ ಬಸ್ಸಿನಲ್ಲಿದ್ದಂತೆ, ನಡುವಿನ ಅಂತರ ಬದಲಾಗುವುದೇ ಇಲ್ಲವೆನ್ನಬಹುದು. ನೇಪಾಳದ ಹಿಮಾಲಯದಲ್ಲಿ ಹಾಗಲ್ಲ: ಅಲ್ಲಿ ನೆಲ ವರ್ಷಕ್ಕೆ ಸುಮಾರು 2 ಸೆಂ.ಮೀ. ಅಮುಕಿಕೊಳ್ಳುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅದರ ಒಂದಂಶ ಬಿಡುಗಡೆಯಾದಾಗ ಕಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದಿತು. ಎಲ್ಲಿ ಎಷ್ಟು ಬಿಗಿದಿದೆ ಎಂದು ಇಂಥ ಕೇಂದ್ರಗಳ ಜಾಲ ಹೇಳುತ್ತದೆ. ಯಾವ ದಿನ ಸಡಿಲುತ್ತದೆ ಎಂದು ಹೇಳುವುದಿಲ್ಲ.

ಕಂಪನ ಶುರುವಾದ ಮೇಲಿನ ನಿಮಿಷಗಳಲ್ಲಿ ಮಾತ್ರ ಇದರ ಬೆಲೆ ದೊಡ್ಡದು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪದ ಗಾತ್ರದ ಮೊದಲ ಅಂದಾಜು 7.9 ಇತ್ತು, ನಿಜದಲ್ಲಿ ಅದು 9.0. ಸುನಾಮಿ ಎಚ್ಚರಿಕೆಯೂ ಅಷ್ಟೇ ಕಡಿಮೆಯಾಯಿತು. ಅವಸರದ ಅಂದಾಜಿನಲ್ಲಿ ಕಂಪನಮಾಪಕಗಳಿಗೆ ಮಹಾಕಂಪನದ ಗಾತ್ರ ಹಿಡಿಯುವುದು ಕಷ್ಟ. ಜಿಪಿಎಸ್‌ಗೆ ಆ ಮಿತಿ ಇಲ್ಲ: ಓಶಿಕಾ ಪರ್ಯಾಯದ್ವೀಪದ ಕೇಂದ್ರ 5.3 ಮೀಟರ್ ಸರಿದಿತ್ತು. ಆ ಕೇಂದ್ರವೂ ಸೇರಿದ, ಸುಮಾರು 1,300 ಕೇಂದ್ರಗಳ ಜಾಲದಿಂದ ಈಗ ಅಲ್ಲಿ ಆ ಕ್ಷಣವೇ ಗಾತ್ರ ಅಂದಾಜಿಸುವ ವ್ಯವಸ್ಥೆ ಇದೆ.

ನಿಮ್ಮ ಜಿಲ್ಲೆಯ ಸಣ್ಣ ನಡುಕಗಳಿಗೆ ನೆಲ ಶಾಶ್ವತವಾಗಿ ಸರಿಯುವುದು ಕೂದಲೆಳೆಯಷ್ಟೂ ಇರಲಾರದು. ಹಣ ಇದ್ದರೆ ಅಲ್ಲಿಗೆ ಮೊದಲು ಬೇಕಾದದ್ದು ಹತ್ತಿರಹತ್ತಿರ ನಾಲ್ಕಾರು ಕಂಪನಮಾಪಕಗಳು.