ಹೊಳಪಿಗೆ ಮೊದಲು ನೆಲ ನೋಡಿ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಅಮೆರಿಕದ ಹಳೆಯ ಅಲ್ಯೂಮಿನಿಯಂ ಟ್ರೇಲರುಗಳನ್ನು ಸಂಗ್ರಹಿಸಿ ದುರಸ್ತಿ ಮಾಡುವ ಹವ್ಯಾಸದ ಬಗ್ಗೆ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವಿರುವ ಊರಿನ ಹೊರಗೆ, ರೈತರೊಬ್ಬರ ಕೊಟ್ಟಿಗೆಯ ಪಕ್ಕದಲ್ಲಿ 1966ರ ಏರ್‌ಸ್ಟ್ರೀಮ್ ಓವರ್‌ಲ್ಯಾಂಡರ್ ಟ್ರೇಲರ್ ನಿಂತಿದೆ. ಮೈಯೆಲ್ಲ ಮಂಕಾಗಿದ್ದರೂ ಎಲ್ಲಿಯೂ ತೂತಿಲ್ಲ. ಕೊಂಡು ಪಾಲಿಶ್ ಮಾಡಿಸಿದರೆ ಮುಂದಿನ ಬೇಸಿಗೆಗೆ ಪ್ರವಾಸ ಹೊರಡಬಹುದೇ?
— ಓದುಗರೊಬ್ಬರು, ಡೇಟನ್, ಒಹಾಯೋ

ಉತ್ತರ: ನಿಮ್ಮ ಪತ್ರದಲ್ಲಿ ಮೈಯ ಮಂಕಿನ ಮಾತಿದೆ, ನೆಲದ ಮಾತು ಒಂದೂ ಇಲ್ಲ. ಆದ್ದರಿಂದ ನಾನು ನೆಲದಿಂದಲೇ ಆರಂಭಿಸುತ್ತೇನೆ. ಈ ಟ್ರೇಲರುಗಳ ತಳದಲ್ಲಿ ಉಕ್ಕಿನ ಚಾಸಿ ಇರುತ್ತದೆ, ಅದರ ಮೇಲೆ ಪ್ಲೈವುಡ್ ನೆಲ, ನೆಲದ ಅಂಚಿನ ಸುತ್ತ ಚಾನೆಲ್ ಎನ್ನುವ ಅಲ್ಯೂಮಿನಿಯಂ ಪಟ್ಟಿ, ಆ ಚಾನೆಲ್‌ಗೆ ರಿವೆಟ್ ಹೊಡೆದು ನಿಲ್ಲಿಸಿದ ಹೊರಕವಚ. ಅಂದರೆ ಕವಚವನ್ನೂ ಚಾಸಿಯನ್ನೂ ಬೆಸೆದಿರುವುದು ನಡುವೆ ಸಿಕ್ಕಿಕೊಂಡಿರುವ ಪ್ಲೈವುಡ್ಡಿನ ಅಂಚೇ. ಕಿಟಕಿಯ ಚೌಕಟ್ಟು, ಚಾವಣಿಯ ಗಾಳಿಕಿಂಡಿ, ಹಿಂದಿನ ಬಂಪರಿನ ಮೇಲಿನ ತಗಡು, ಇವುಗಳ ಸಂದಿನಿಂದ ಇಳಿದ ಮಳೆನೀರು ಕವಚದ ಒಳಮೈಯಲ್ಲಿ ಹರಿದು ಬಂದು ನಿಲ್ಲುವುದೂ ಆ ಅಂಚಿನಲ್ಲಿಯೇ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಈ ಗಾಡಿಗಳಿಗೆ ಅಕ್ಷರಶಃ ಅನ್ವಯಿಸುತ್ತದೆ.

ಹೋಗುವಾಗ ಒಂದು ದಬ್ಬಳವನ್ನೂ ಜೊತೆಗೊಬ್ಬರನ್ನೂ ಕರೆದೊಯ್ಯಿರಿ. ಒಬ್ಬರು ಹಿಂದಿನ ಬಂಪರಿನ ಮೇಲೆ ನಿಂತು ಮೆಲ್ಲಗೆ ಭಾರ ಹಾಕಲಿ, ಇನ್ನೊಬ್ಬರು ಬಂಪರ್ ಮತ್ತು ಕವಚ ಸೇರುವ ಗೆರೆಯ ಮೇಲೆ ಬೆರಳಿಟ್ಟುಕೊಂಡಿರಲಿ. ಬಂಪರ್ ಕುಸಿದು ಕವಚ ಇದ್ದಲ್ಲೇ ನಿಂತರೆ ಹಿಂಭಾಗ ಚಾಸಿಯಿಂದ ಕಳಚಿಕೊಂಡಿದೆ ಎಂದೇ ತಿಳಿಯಿರಿ. ಅನಂತರ ಬಾಗಿಲ ಹೊಸ್ತಿಲ ಪಕ್ಕ, ನಾಲ್ಕೂ ಮೂಲೆಗಳಲ್ಲಿ, ಚಕ್ರದ ಗೂಡಿನ ಹಿಂದೆ ದಬ್ಬಳವನ್ನು ಒತ್ತಿ ನೋಡಿ. ನಾನು ಕೊಂಡ ಮೊದಲ ಟ್ರೇಲರಿನಲ್ಲಿ, ಬಚ್ಚಲಿನ ಮೂಲೆಯಲ್ಲಿ, ದಬ್ಬಳ ಹಿಡಿಯವರೆಗೂ ಸಲೀಸಾಗಿ ಇಳಿದುಹೋಯಿತು. ಹೊರತೆಗೆದಾಗ ಅದರ ತುದಿಗೆ ಕಾಫಿಯ ಚರಟದಂಥ ಕಪ್ಪು ಪುಡಿ ಅಂಟಿತ್ತು. ಕೊಂಡು ಆರು ತಿಂಗಳಾದ ಮೇಲೆ ನಾನು ಮಾಡಿದ ಆ ಪರೀಕ್ಷೆಯನ್ನು ನೀವು ಹಣ ಕೊಡುವ ಮೊದಲೇ ಮಾಡಿ.

ಅಂಚು ಕೊಳೆತಿದ್ದರೆ ಕೊಳ್ಳಲೇಬಾರದು ಎಂದು ಹೇಳುತ್ತಿಲ್ಲ. ಆಗ ಒಳಗಿನ ತಗಡನ್ನು ಬಿಚ್ಚಿ, ಕವಚವನ್ನೇ ಮೇಲೆತ್ತಿ, ಚಾಸಿಯ ತುಕ್ಕು ತೆಗೆದು, ಹೊಸ ನೆಲ ಹಾಕಿ, ಮತ್ತೆ ಕವಚವನ್ನು ಇಳಿಸಿ ಕೂರಿಸಬೇಕಾಗುತ್ತದೆ. ವಾರಾಂತ್ಯದಲ್ಲಿ ಮಾತ್ರ ಕೆಲಸ ಮಾಡುವವರಿಗೆ ಇದು ಒಂದು ಬೇಸಿಗೆಯಲ್ಲಿ ಮುಗಿಯುವುದಿಲ್ಲ. ಬೆಲೆಯನ್ನು ಅದಕ್ಕೆ ತಕ್ಕಂತೆ ಮಾತಾಡಿ. 1960ರ ದಶಕದ ಏರ್‌ಸ್ಟ್ರೀಮ್‌ಗಳ ಆಕ್ಸಲ್‌ನಲ್ಲಿ ಸ್ಪ್ರಿಂಗಿನ ಬದಲು ರಬ್ಬರ್ ಇದೆ. ಅಷ್ಟು ವರ್ಷ ನಿಂತಲ್ಲೇ ನಿಂತ ಗಾಡಿಯಲ್ಲಿ ಅದು ಗಟ್ಟಿಯಾಗಿ, ರಸ್ತೆಯ ಪ್ರತಿ ಪೆಟ್ಟೂ ರಿವೆಟ್ಟುಗಳಿಗೆ ತಗಲುತ್ತದೆ. ಹೊಸ ಆಕ್ಸಲ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಶಾಖ ತಡೆಯಲು ಗೋಡೆಯೊಳಗೆ ತುಂಬಿದ ಗಾಜಿನ ನಾರಿನಲ್ಲಿ ಇಲಿಗಳ ಗೂಡು ಇದ್ದೇ ಇರುತ್ತದೆ. ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಅದರ ಧೂಳಿನಿಂದ ಹಂಟಾ ವೈರಸ್ ಶ್ವಾಸಕೋಶಕ್ಕೆ ತಗಲುವ ಅಪಾಯವಿದೆ. ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರಿನಿಂದ ಚೆನ್ನಾಗಿ ನೆನೆಸಿದ ಮೇಲೆಯೇ ಬಳಿದು ತೆಗೆಯಿರಿ. ಇದರಲ್ಲಿ ಯಾವ ರಿಯಾಯಿತಿಯೂ ಬೇಡ.

1952ರಿಂದ ಏರ್‌ಸ್ಟ್ರೀಮ್ ಕಾರ್ಖಾನೆ ನಡೆಯುತ್ತಿರುವ ಜ್ಯಾಕ್ಸನ್ ಸೆಂಟರ್ ನಿಮ್ಮೂರಿನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಹಳೆಯ ಟ್ರೇಲರುಗಳ ಸಂಗ್ರಹಾಲಯವೂ ಇದೆ. ಸರಿಯಾಗಿರುವ ಗಾಡಿ ಹೇಗಿರುತ್ತದೆ ಎಂಬುದನ್ನು ಅಲ್ಲಿ ಕಣ್ತುಂಬ ನೋಡಿಕೊಂಡು, ಅನಂತರ ಕೊಟ್ಟಿಗೆಯ ಬಳಿ ಹೋಗಿ.

ಪ್ರಶ್ನೆ: ಅಲ್ಯೂಮಿನಿಯಂ ಟ್ರೇಲರನ್ನು ಮೊದಲು ರೂಪಿಸಿದವರು ಏರ್‌ಸ್ಟ್ರೀಮ್‌ನವರೇ? ಚಂದ್ರನಿಂದ ಮರಳಿದವರನ್ನು ಅದರಲ್ಲಿಯೇ ಇರಿಸಿದ್ದರೆಂಬುದು ನಿಜವೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲನೆಯದಕ್ಕೆ ಅಲ್ಲ, ಎರಡನೆಯದಕ್ಕೆ ಹೌದು. ವೈಮಾನಿಕ ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ ವಿಮಾನ ತಯಾರಾದ ಸ್ಯಾನ್ ಡಿಯಾಗೋದ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದ ಹಾಲಿ ಬೌಲಸ್ ಅವರು 1934ರಲ್ಲಿ ರೋಡ್ ಚೀಫ್ ಎಂಬ ಟ್ರೇಲರನ್ನು ರೂಪಿಸಿದರು. ಅದರ ಬಾಗಿಲು ಮುಂಭಾಗದಲ್ಲಿ, ಕಾರಿಗೆ ಕಟ್ಟುವ ಕೊಂಡಿಯ ಮೇಲಿತ್ತು. ಅವರ ಸಂಸ್ಥೆ ಮುಚ್ಚಿದಾಗ ಏರ್‌ಸ್ಟ್ರೀಮ್‌ನ ಸ್ಥಾಪಕ ವಾಲಿ ಬೈಯಮ್ ಆ ವಿನ್ಯಾಸವನ್ನು ತಿದ್ದಿ, ಬಾಗಿಲನ್ನು ಪಕ್ಕಕ್ಕೆ ತಂದು, 1936ರಲ್ಲಿ ಕ್ಲಿಪ್ಪರ್ ಎಂಬ ಹೆಸರಿನಿಂದ 1,200 ಡಾಲರಿಗೆ ಮಾರಿದರು. ಬೈಯಮ್ ಅವರ ಹೆಸರು ಉಳಿದಷ್ಟು ಬೌಲಸ್ ಅವರ ಹೆಸರು ಉಳಿಯಲಿಲ್ಲ ಎಂಬುದು ನನಗೆ ಈಗಲೂ ನೋವಿನ ವಿಷಯ. 1969ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಅವರನ್ನು, ಚಂದ್ರನಿಂದ ರೋಗಾಣು ಬಂದಿದ್ದರೆ ಹರಡದಿರಲೆಂದು, ಹಾರ್ನೆಟ್ ಹಡಗಿನ ಮೇಲೆ ಚಕ್ರ ತೆಗೆದ ಏರ್‌ಸ್ಟ್ರೀಮ್ ಒಂದರಲ್ಲಿ ಪ್ರತ್ಯೇಕವಾಗಿ ಇರಿಸಿದ್ದರು. ಒಳಗಿನ ಗಾಳಿ ಹೊರಗೆ ಸೋರದಂತೆ ಮಾಡಿದ್ದ ಆ ಗಾಡಿ ಈಗ ವರ್ಜೀನಿಯಾದಲ್ಲಿರುವ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಕೆಲಸ ಮಾಡಿ ನಿವೃತ್ತನಾದವನು. ನ್ಯೂಜೆರ್ಸಿಯಲ್ಲಿರುವ ಮಗ ಇಂಥ ಟ್ರೇಲರ್ ಕೊಂಡಿದ್ದಾನೆ. ನನ್ನ ಕೈಕೆಲಸ ಅವನಿಗೆ ಉಪಯೋಗಕ್ಕೆ ಬಂದೀತೇ?
— ಹಿರಿಯ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಮಗ ಪುಣ್ಯವಂತರು. ಕೆಲಸ ನೀವು ಮಾಡಿದ್ದೇ: ಪಕ್ಕೆಲುಬುಗಳ ಮೇಲೆ ಹಾಳೆ ಹೊದಿಸಿ, ಕ್ಲೀಕೋ ಎಂಬ ಪಿನ್ನುಗಳನ್ನು ಹಾಕಿ ತಾತ್ಕಾಲಿಕವಾಗಿ ಹಿಡಿದು, ಹೊರಗೊಬ್ಬರು ರಿವೆಟ್ ಗನ್ ಹಿಡಿದು, ಒಳಗೊಬ್ಬರು ಆನಿಕೆಗೆ ಉಕ್ಕಿನ ಬಾರ್ ಒತ್ತಿ, ಒಂದೊಂದೇ ರಿವೆಟ್ ಹೊಡೆಯುವುದು. ಒಳಗಿನ ತಗಡನ್ನು ಬಿಚ್ಚದೆ ಹೊರಗಿನಿಂದಲೇ ಮಾಡಬೇಕಾದ ಕಡೆ ಒಲಿಂಪಿಕ್ ಎಂಬ ಜಾತಿಯ ರಿವೆಟ್ಟನ್ನು ಬಳಸುತ್ತಾರೆ. ಅದು ಒಳಗೆ ಮೂರು ಕಾಲು ಚಾಚಿ ಕಚ್ಚಿಕೊಳ್ಳುತ್ತದೆ, ಹೊರಗೆ ಉಳಿದ ಮೊಳೆಯನ್ನು ಹೆರೆದರೆ ಮೂಲ ರಿವೆಟ್ಟಿನಂತೆಯೇ ಕಾಣುತ್ತದೆ. ಆದರೂ ಕೈಗೆ ಜಾಗ ಸಿಗುವ ಕಡೆಯೆಲ್ಲ ಗನ್ ಮತ್ತು ಬಾರಿನಿಂದ ಹೊಡೆಯುವ ಗಟ್ಟಿ ರಿವೆಟ್ಟನ್ನೇ ಹೊಡೆಯಿರಿ.

ಎರಡು ಎಚ್ಚರಿಕೆಗಳನ್ನು ಮಗನಿಗೂ ತಿಳಿಸಿ. ಉಕ್ಕು ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗುವ ಕಡೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಆದ್ದರಿಂದ ನಡುವೆ ಬಣ್ಣವೋ ಟೇಪೋ ಇರಲೇಬೇಕು. ಸಂದು ಮುಚ್ಚಲು ಸಿಲಿಕೋನ್ ಬೇಡವೇ ಬೇಡ: ಅದು ಬಿಟ್ಟುಕೊಂಡ ಮೇಲೆ ಆ ಜಾಗಕ್ಕೆ ಬೇರೇನೂ ಅಂಟುವುದಿಲ್ಲ. ಪಾಲಿಯುರೆಥೇನ್ ಸೀಲೆಂಟ್ ಬಳಸಲಿ. ಎಲ್ಲ ಮುಗಿದ ಮೇಲೆ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಒಳಕ್ಕೆ ಬ್ಲೋವರಿನಿಂದ ಗಾಳಿ ತುಂಬಿ, ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದಲ್ಲೆಲ್ಲ ಮಳೆ ಒಳಗೆ ಬರುತ್ತದೆ.

ಪ್ರಶ್ನೆ: ಮಂಕು ಹೋಗಲೆಂದು ನಮ್ಮ ಹಳೆಯ ಟ್ರೇಲರಿನ ಒಂದು ಹಾಳೆಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಪಾಲಿಶ್ ಮಾಡಿದರೆ ಹೊಳೆಯುತ್ತದೆ, ಆದರೆ ಪಕ್ಕದ ಹಾಳೆಗಳಿಗಿಂತ ಬೇಗ ಮತ್ತೆ ಮಂಕಾಗುತ್ತದೆ. ಏಕೆ?
— ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ನೀವು ಉಜ್ಜಿ ತೆಗೆದದ್ದು ಮಂಕನ್ನಲ್ಲ, ಕನ್ನಡಿಯನ್ನೇ. ಹಳೆಯ ಏರ್‌ಸ್ಟ್ರೀಮ್‌ಗಳ ಮೈಗೆ ಬಳಸಿದ್ದು ಆಲ್‌ಕ್ಲ್ಯಾಡ್ ಎಂಬ ವಿಮಾನದ ಹಾಳೆ. ಗಟ್ಟಿ ಮಿಶ್ರಲೋಹದ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವನ್ನು ಒತ್ತಿ ಕೂರಿಸಿರುತ್ತಾರೆ. ಹಾಳೆಯ ದಪ್ಪ ಸುಮಾರು 0.8 ಮಿಲಿಮೀಟರ್, ಹೊರಪದರ ಅದರ ನೂರಕ್ಕೆ ಐದರಷ್ಟು, ಎಂದರೆ 0.04 ಮಿಲಿಮೀಟರ್ ಮಾತ್ರ. ಹೊಳಪನ್ನು ಕೊಡುವುದೂ ಒಳಗಿನ ತಾಮ್ರ ಬೆರೆತ ಲೋಹವನ್ನು ಕಾಯುವುದೂ ಆ ಪದರವೇ.

ಉಳಿದ ಹಾಳೆಗಳನ್ನಾದರೂ ಉಳಿಸಿಕೊಳ್ಳಿ. ಕಾರ್ಖಾನೆಯ ಪಾರದರ್ಶಕ ಲೇಪ ಇನ್ನೂ ಇದ್ದರೆ ಮೊದಲು ಅದನ್ನು ಬಣ್ಣ ಬಿಡಿಸುವ ದ್ರಾವಣದಿಂದ ಪೂರ್ತಿ ತೆಗೆದು ತೊಳೆಯಿರಿ. ಅನಂತರ ಒರಟು ಪಾಲಿಶ್ ಪೇಸ್ಟಿನಿಂದ ಆರಂಭಿಸಿ, ಹಂತ ಹಂತವಾಗಿ ನಯವಾದದ್ದಕ್ಕೆ ಬನ್ನಿ. ಒಂದೊಂದು ಅಡಿ ಜಾಗವನ್ನೇ ಹಿಡಿದು, ಪೇಸ್ಟ್ ಕಪ್ಪಾಗಿ ಒಣಗುತ್ತ ಬರುವವರೆಗೆ ಉಜ್ಜಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ.

ಕೆಟ್ಟ ಹಾಳೆಗೆ ದಾರಿ ಎರಡೇ: ಅದನ್ನು ಪದೇ ಪದೇ ಪಾಲಿಶ್ ಮಾಡುತ್ತಿರಬೇಕು, ಇಲ್ಲವೇ ಅದೇ ಜಾತಿಯ, ಅಂದರೆ 2024-ಟಿ3 ಎಂಬ ಮಿಶ್ರಲೋಹದ ಆಲ್‌ಕ್ಲ್ಯಾಡ್ ಹೊಸ ಹಾಳೆಯನ್ನು ಹಾಕಬೇಕು. ಹಾಕುವುದಾದರೆ ಕತ್ತರಿಸುವ ಮೊದಲು ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಓಡುವುದು ಕಾಣುತ್ತದೆ. ಪಕ್ಕದ ಹಾಳೆಗಳ ಗೆರೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಇದನ್ನೂ ಕತ್ತರಿಸಿ. ಅಡ್ಡಲಾಗಿ ಕತ್ತರಿಸಿದರೆ, ಎಷ್ಟು ಪಾಲಿಶ್ ಮಾಡಿದರೂ, ಸಂಜೆಯ ಬಿಸಿಲಿಗೆ ಆ ಒಂದು ಹಾಳೆ ಬೇರೆ ಬಣ್ಣದ್ದಾಗಿ ಕಾಣುತ್ತದೆ.