ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ತೀರ್ಮಾನಶಕ್ತಿ ಬೆಳೆಸಲು ಯಾವ ನಮೂನೆಯ ಕೇರ್ ಪ್ಲಾನ್ ಬರೆಸಬೇಕು?

ರೋಗಿಯ ತೊಂದರೆ, ಅದರ ಕಾರಣ, ಮಾಡಬೇಕಾದ ಆರೈಕೆ ಬರೆಯುವ ಹಾಳೆಯೇ ಕೇರ್ ಪ್ಲಾನ್. ಹಳೆಯ ಬ್ಯಾಚಿನ ಕೇರ್ ಪ್ಲಾನ್‌ಗಳನ್ನೇ ಹುಡುಗಿಯರು ನಕಲು ಮಾಡುತ್ತಾರೆ, ನಮೂನೆ ಬದಲಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ನಾನೂ ಕಾಲಂ ಮೇಲೆ ಕಾಲಂ ಸೇರಿಸುತ್ತಾ ಬಂದವಳು.

ಸರ್ಜಿಕಲ್ ವಾರ್ಡಿನಲ್ಲಿ ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ನೋಡಿಕೊಳ್ಳುತ್ತಿದ್ದಳು. ಅವಳ ಕೇರ್ ಪ್ಲಾನಿನಲ್ಲಿ 'ರಕ್ತಸ್ರಾವದ ಅಪಾಯ' ಎಂಬುದು ಕಾರಣಸಮೇತ ಇತ್ತು. ಹಿಂದಿನ ಸಂಜೆಯೇ ಪೂರ್ತಿ ಅಂಕ ಕೊಟ್ಟಿದ್ದೆ. ಬೆಳಿಗ್ಗೆ ಚಾರ್ಟಿನಲ್ಲಿ ನಾಡಿ 88 ಎಂದು ಬರೆದಳು, ಆಮೇಲೆ 104, ಆಮೇಲೆ 122. ಉಸಿರಾಟ 26. ಬಿಪಿ 112/74. ಬಿಪಿ ಸರಿಯಾಗಿದೆಯಲ್ಲ ಎಂದು ಪಕ್ಕದ ಹಾಸಿಗೆಗೆ ಹೋದಳು. ವಾರ್ಡ್ ಸಿಸ್ಟರ್ ರೋಗಿಯ ಕೈ ತಣ್ಣಗಿರುವುದನ್ನು ಕಂಡು ಡಾಕ್ಟರನ್ನು ಕರೆಸಿದರು. ಒಳಗೆ ರಕ್ತ ಸೋರುತ್ತಿತ್ತು. ಮತ್ತೆ ಥಿಯೇಟರಿಗೆ ಒಯ್ದರು, ರೋಗಿ ಉಳಿದರು. "ಮೇಡಂ, ನಾನು ಎಲ್ಲವನ್ನೂ ಬರೆದಿದ್ದೆನಲ್ಲ" ಎಂದು ಅವಳು ಅತ್ತಳು. ಆ ಪೋಸ್ಟಿಂಗ್ ಮುಗಿಯುವವರೆಗೂ ಯಾವ ರೋಗಿಯ ಬಳಿಯೂ ಒಬ್ಬಳೇ ನಿಲ್ಲಲಿಲ್ಲ.

ತಪ್ಪು ನನ್ನದು. ರಕ್ತ ಕಡಿಮೆಯಾದಾಗ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯದ ಬಡಿತ ಹೆಚ್ಚಿಸಿ ಬಿಪಿಯನ್ನು ಕಾಯ್ದುಕೊಳ್ಳುತ್ತದೆ. ಬಿಪಿ ಕುಸಿಯುವುದು ತಡವಾಗಿ. ಪರೀಕ್ಷೆಯಲ್ಲಿ ಕೇಳಿದ್ದರೆ ಅವಳು ಇದನ್ನು ಸರಾಗವಾಗಿ ಬರೆಯುತ್ತಿದ್ದಳು. ಆದರೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡು ಎಂದು ನನ್ನ ಯಾವ ಅಸೈನ್‌ಮೆಂಟೂ ಅವಳಿಗೆ ಹೇಳಿರಲಿಲ್ಲ. ಡಯಾಗ್ನೋಸಿಸ್, ಡಾಕ್ಟರರ ಆರ್ಡರ್ ಎಲ್ಲವೂ ಫೈಲಿನಲ್ಲಿ ಕಣ್ಣೆದುರಿಗೇ ಇದ್ದವು. ತೀರ್ಮಾನಿಸಲು ಉಳಿದದ್ದಾದರೂ ಏನು? ರೋಗಿಯ ಮುಖ ನೋಡುವ ಮೊದಲೇ ಬರೆದು ಮುಗಿಸಬಹುದಾದ ಕಾಗದಕ್ಕೆ ನಾನು ಅಂಕ ಹಾಕುತ್ತಿದ್ದೆ.

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸಿನ ತೀರ್ಮಾನವನ್ನು ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಹಿಂತಿರುಗಿ ಯೋಚಿಸುವುದು ಎಂದು ಬಿಡಿಸಿಟ್ಟರು. ನಮ್ಮ ಕೇರ್ ಪ್ಲಾನ್ ಹೆಚ್ಚುಕಡಿಮೆ ಮೂರನೆಯದನ್ನು ಮಾತ್ರ ಬರೆಸುತ್ತದೆ.

ಆದ್ದರಿಂದ ರೋಗಿಯನ್ನು ಚೀಟಿಗಳಲ್ಲಿ ಒಡೆದು ಕೊಡಿ. ಎಂಟು ಗಂಟೆಯ ಅಂಕಿಗಳು ಒಂದು ಚೀಟಿಯಲ್ಲಿ, ಹತ್ತು ಗಂಟೆಯವು ಇನ್ನೊಂದರಲ್ಲಿ. ಏನು ಬದಲಾಗಿದೆ, ಯಾವುದು ಕಳವಳ ತರುತ್ತಿದೆ, ಯಾರನ್ನು ಕರೆದು ಏನು ಹೇಳುತ್ತೀಯೆ ಎಂದು ಬರೆದ ನಂತರವೇ ಮುಂದಿನ ಚೀಟಿ. ಡಾಕ್ಟರರ ಆರ್ಡರ್ ಕೊನೆಗೆ ಬರಲಿ. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಎಂಬ, ರೋಗಿ ಹದಗೆಡುತ್ತಿರುವುದನ್ನು ಬೇಗ ಗುರುತಿಸುವ ಅಂಕಪಟ್ಟಿಯನ್ನೂ ಕೈಗೆ ಕೊಡಿ. ಅದರ ಪ್ರಕಾರ ಉಸಿರಾಟ 26 ಇದ್ದರೆ 3 ಅಂಕ, ನಾಡಿ 122 ಇದ್ದರೆ 2. ಮೊತ್ತ 5 ಆದರೆ ತುರ್ತಾಗಿ ವೈದ್ಯರನ್ನು ಕರೆಯಬೇಕು. ನನ್ನ ವಿದ್ಯಾರ್ಥಿನಿಯ ರೋಗಿಗೆ ಈ ಎರಡರಿಂದಲೇ 5 ಆಗಿತ್ತು, ಬಿಪಿಗೆ ಸೊನ್ನೆ.

ಇದನ್ನು ಮನೆಗೆ ಕೊಟ್ಟು ಕಳುಹಿಸಬೇಡಿ, ವಾರ್ಡಿನಲ್ಲೇ ಒಂದು ಪುಟದಲ್ಲಿ ಬರೆಸಿ. ಅಂಕದ ಬದಲು ಪ್ರತಿ ಹಾಳೆಯ ಮೇಲೂ ಒಂದು ಪ್ರಶ್ನೆ ಬರೆದು ಹಿಂದಿರುಗಿಸಿ. ವಿಶ್ವವಿದ್ಯಾಲಯ ಕೇಳುವಷ್ಟು ಕೇರ್ ಪ್ಲಾನ್‌ಗಳನ್ನು ಬರೆಸಲೇಬೇಕು, ಬರೆಸಿ; ಅದಕ್ಕಿಂತ ಒಂದೂ ಹೆಚ್ಚು ಬೇಡ.